ಜ್ವರ ಬಿಟ್ಟ ಮೇಲೆ

2021ರ ಮಳೆಗಾಲ. ಕೋವಿಡ್‌ನ ಎರಡನೆಯ ಅಲೆ ಇಳಿದು ದೇವಾಲಯಗಳ ಬಾಗಿಲುಗಳು ಮತ್ತೆ ತೆರೆದಿದ್ದವು. ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಡಲು ಮನೆಮನೆಗೆ ಹೋಗುವುದು ನಮ್ಮ ಧರ್ಮಕೇಂದ್ರಗಳಲ್ಲಿ ಹಿಂದಿನಿಂದ ಬಂದ ವಾಡಿಕೆ. ಅಲ್ಲಿಯವರೆಗೆ ನನ್ನ ಪಟ್ಟಿಯಲ್ಲಿದ್ದವರು ಬಹುಮಟ್ಟಿಗೆ ವೃದ್ಧರು, ಪಾರ್ಶ್ವವಾಯು ಬಡಿದವರು. ಆ ತಿಂಗಳು ಹೊಸದಾಗಿ ಸೇರಿದ ಹೆಸರು ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳದು. ಹೊಲಿಗೆ ಕೆಲಸದಿಂದ ಮನೆ ನಡೆಸುತ್ತಿದ್ದವರು. ಕೋವಿಡ್ ಬಂದಾಗ ಆಸ್ಪತ್ರೆಗೂ ಸೇರಿರಲಿಲ್ಲ. ಐದಾರು ದಿನ ಜ್ವರ, ಒಂದಿಷ್ಟು ಕೆಮ್ಮು, ಅಷ್ಟೇ. ಜ್ವರ ಬಿಟ್ಟು ಮೂರು ತಿಂಗಳಾಗಿತ್ತು. ಆದರೆ ಹೊಲಿಗೆ ಯಂತ್ರದ ಮೇಲೆ ಹೊದಿಸಿದ ಬಟ್ಟೆಯನ್ನು ಇನ್ನೂ ತೆಗೆದಿರಲಿಲ್ಲ.

"ರಿಪೋರ್ಟ್ ಎಲ್ಲಾ ನಾರ್ಮಲ್ ಅಂತಾರೆ ಸ್ವಾಮಿ. ಒಂದು ಬಿಂದಿಗೆ ನೀರು ತಂದಿಟ್ಟರೆ ಮಾರನೇ ದಿನ ಹಾಸಿಗೆಯಿಂದ ಏಳೋಕಾಗಲ್ಲ. ಮನೆಯವರಿಗೆ ಹೇಗೆ ಹೇಳಲಿ?" ಎಂದರು. ಅವರ ಅತ್ತೆ ಪಕ್ಕದಲ್ಲಿಯೇ ನಿಂತಿದ್ದರು. ನಾನು ಏನು ಹೇಳಿದೆನೆಂದು ಇಂದಿಗೂ ನೆನಪಿದೆ: "ಮನಸ್ಸು ಗಟ್ಟಿ ಮಾಡಿಕೊಳ್ಳಮ್ಮ. ಮಲಗಿದಷ್ಟೂ ಸುಸ್ತು ಹೆಚ್ಚುತ್ತದೆ. ದಿನಾ ಬೆಳಿಗ್ಗೆ ಸ್ವಲ್ಪ ನಡೆದಾಡು." ಅತ್ತೆ ತಲೆಯಾಡಿಸಿದರು. ಸಾಂತ್ವನ ಹೇಳಿದೆನೆಂಬ ತೃಪ್ತಿಯಿಂದಲೇ ನಾನು ಮುಂದಿನ ಮನೆಗೆ ಹೋದೆ.

ಮರುವರ್ಷದ ಕ್ರಿಸ್‌ಮಸ್ ರಜೆಗೆ ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನಮ್ಮ ಧರ್ಮಕೇಂದ್ರದ ಮಗಳೊಬ್ಬಳು ಊರಿಗೆ ಬಂದಿದ್ದಳು. ಮಾತಿನ ನಡುವೆ ಈ ವಿಷಯ ಬಂದಾಗ ಅವಳು, "ಫಾದರ್, ಅಲ್ಲಿ ಇದಕ್ಕೆ ಲಾಂಗ್ ಕೋವಿಡ್ ಅಂತ ಹೆಸರಿದೆ, ಇದಕ್ಕೆಂದೇ ಕ್ಲಿನಿಕ್‌ಗಳಿವೆ. ನಡೆಯಿರಿ ಎಂದು ಎಲ್ಲರಿಗೂ ಹೇಳುವ ಹಾಗಿಲ್ಲ, ಕೆಲವರಿಗೆ ಅದರಿಂದಲೇ ಹೆಚ್ಚಾಗುತ್ತದೆ" ಎಂದಳು. ಆ ಮಾತು ಚುಚ್ಚಿತು. ಅಂದಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ಹಾಗೆ ಓದುವಾಗ ತಿಳಿದದ್ದೇನೆಂದರೆ, ನಾನು ಅಂದು ಆ ಮನೆಯಲ್ಲಿ ಹೇಳಿದ ಮಾತಿಗೆ ಒಂದು ಇತಿಹಾಸವಿದೆ. ಕಲಿತ ವೈದ್ಯರೇ, ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ, ಹಲವು ದಶಕಗಳ ಕಾಲ ಅದನ್ನೇ ಹೇಳುತ್ತಾ ಬಂದಿದ್ದರು.

ಸೋಂಕು ಹೋದರೂ ಬಳಲಿಕೆ ಹೋಗದಿರುವುದು ಕೋವಿಡ್‌ನೊಡನೆ ಹುಟ್ಟಿದ ಸಂಗತಿಯಲ್ಲ. 1889ರಲ್ಲಿ ಹಬ್ಬಿದ, 'ರಷ್ಯನ್ ಫ್ಲೂ' ಎಂದು ಕರೆಯಲಾದ ಸಾಂಕ್ರಾಮಿಕದ ನಂತರ ಯುರೋಪಿನ ವೈದ್ಯರು ತಿಂಗಳುಗಟ್ಟಲೆ ತಗ್ಗದ ನರದೌರ್ಬಲ್ಯ, ನಿದ್ರಾಹೀನತೆ, ಖಿನ್ನತೆಗಳನ್ನು ಕಂಡು ಬರೆದಿಟ್ಟರು. ಜೋಸೆಫಿನ್ ಬಟ್ಲರ್ ಎಂಬ ಹೆಸರಾಂತ ಸಮಾಜ ಸುಧಾರಕಿ, ಭಾರತದ ಸೈನಿಕ ಠಾಣ್ಯಗಳಲ್ಲಿ ಹೆಣ್ಣುಮಕ್ಕಳ ಮೇಲೆ ನಡೆಯುತ್ತಿದ್ದ ಅನ್ಯಾಯದ ವಿರುದ್ಧವೂ ದನಿಯೆತ್ತಿದವರು, ಫ್ಲೂ ಬಂದುಹೋದ ಮೇಲೆ ಅರ್ಧ ಗಂಟೆ ಓದಿದರೂ ಮಲಗಬೇಕಾಗುತ್ತದೆ ಎಂದು 1892ರಲ್ಲಿ ಮನೆಯವರಿಗೆ ಪತ್ರ ಬರೆದಿದ್ದರು. ದಣಿವೆಂದರೇನೆಂದು ತಿಳಿಯದ ಹೋರಾಟಗಾರ್ತಿಯ ಮಾತಿದು ಎಂಬುದನ್ನು ಗಮನಿಸಬೇಕು.

ಆದರೆ ಈ ಕಥೆಯ ನಡುಗಂಬವಿರುವುದು ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ. 1955ರ ಜುಲೈ 13ರಂದು ಅಲ್ಲಿನ ಒಬ್ಬ ವೈದ್ಯರೂ ಒಬ್ಬ ವಾರ್ಡ್ ಸಿಸ್ಟರೂ ಅದೇ ಆಸ್ಪತ್ರೆಯಲ್ಲಿ ರೋಗಿಗಳಾಗಿ ದಾಖಲಾದರು. ಗಂಟಲು ನೋವು, ತಲೆನೋವು, ಕತ್ತು ಬೆನ್ನುಗಳ ನೋವು, ಬಳಿಕ ಸ್ನಾಯುಗಳ ಬಲಹೀನತೆ. ಹನ್ನೆರಡು ದಿನಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಿಬ್ಬಂದಿ ಮಲಗಿದರು, ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಅಕ್ಟೋಬರಿನಲ್ಲಿ ಅದು ಮತ್ತೆ ತೆರೆಯಿತು. ನವೆಂಬರ್ ಅಂತ್ಯದ ಹೊತ್ತಿಗೆ ಒಟ್ಟು 292 ಸಿಬ್ಬಂದಿಗೆ ರೋಗ ತಗುಲಿತ್ತು. ಅವರಲ್ಲಿ 255 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿತ್ತು. ವಿಚಿತ್ರವೆಂದರೆ, ಮೊದಲೇ ಅಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಒಳರೋಗಿಗಳಲ್ಲಿ ಇದು ಅಂಟಿದ್ದು ಹನ್ನೆರಡು ಮಂದಿಗೆ ಮಾತ್ರ. ಯಾವ ವೈರಾಣುವೂ ಪತ್ತೆಯಾಗಲಿಲ್ಲ. ಬಹುಮಂದಿ ಚೇತರಿಸಿಕೊಂಡರು. ಕೆಲವರು ವರ್ಷಗಳು ಕಳೆದರೂ ಮೊದಲಿನಂತಾಗಲಿಲ್ಲ.

ಅಲ್ಲಿನ ಸಾಂಕ್ರಾಮಿಕ ರೋಗಗಳ ತಜ್ಞ ಡಾಕ್ಟರ್ ಮೆಲ್ವಿನ್ ರ‍್ಯಾಮ್ಸೆ ಈ ರೋಗಿಗಳನ್ನು ಕಣ್ಣಾರೆ ಕಂಡವರು. ಚಿಕ್ಕ ಶ್ರಮದ ನಂತರವೂ ಸ್ನಾಯುಗಳಿಗೆ ಬಲ ಮರಳಲು ದಿನಗಳೇ ಹಿಡಿಯುತ್ತವೆ ಎಂಬುದೇ ಈ ರೋಗದ ಮುಖ್ಯ ಲಕ್ಷಣವೆಂದು ಅವರು ಗುರುತಿಸಿದರು. 1956ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದಕ್ಕೆ 'ಬಿನೈನ್ ಮಯಾಲ್ಜಿಕ್ ಎನ್ಸೆಫಲೊಮೈಲೈಟಿಸ್' ಎಂಬ ಉದ್ದನೆಯ ಹೆಸರನ್ನು ಸೂಚಿಸಿತು. ಸ್ನಾಯುನೋವಿನೊಡನೆ ಮಿದುಳು ಮತ್ತು ಬೆನ್ನುಹುರಿಯ ಉರಿಯೂತ ಎಂಬುದು ಅದರ ಅರ್ಥ. 'ಬಿನೈನ್' ಎಂದರೆ ನಿರಪಾಯಕಾರಿ. ಯಾರೂ ಸಾಯಲಿಲ್ಲವಲ್ಲ, ಆದ್ದರಿಂದ ಆ ವಿಶೇಷಣ. ಸಾಯದಿದ್ದರೆ ಸಾಕು, ಅದು ಅಪಾಯವಲ್ಲ ಎಂಬ ಲೆಕ್ಕಾಚಾರ. ಮುಂದೆ ಆ ಮೊದಲ ಪದ ತಾನಾಗಿ ಉದುರಿತು.

ಹದಿನೈದು ವರ್ಷಗಳ ನಂತರ, 1970ರ ಜನವರಿಯಲ್ಲಿ, ಮೆಕೆವೆಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಎರಡು ಲೇಖನಗಳನ್ನು ಪ್ರಕಟಿಸಿದರು. ರಾಯಲ್ ಫ್ರೀಯಲ್ಲಿ ನಡೆದದ್ದು ಸೋಂಕೇ ಅಲ್ಲ, ಸಾಮೂಹಿಕ ಹಿಸ್ಟೀರಿಯಾ ಎಂಬುದು ಅವರ ತೀರ್ಮಾನ. ಜ್ವರ ಅಲ್ಪ, ದೂರು ಅಧಿಕ. ಪೀಡಿತರಲ್ಲಿ ಹೆಂಗಸರೇ ಹೆಚ್ಚು: ಇವು ಅವರು ಮುಂದಿಟ್ಟ ಆಧಾರಗಳಲ್ಲಿ ಕೆಲವು. ಹಳೆಯ ದಾಖಲೆಗಳನ್ನು ಓದಿದ್ದರೇ ಹೊರತು ರೋಗಿಗಳಲ್ಲಿ ಒಬ್ಬರನ್ನೂ ಅವರು ಪರೀಕ್ಷಿಸಿರಲಿಲ್ಲ. ನರ್ಸುಗಳೂ ವೈದ್ಯರೂ ಆಗಿದ್ದ ಹೆಣ್ಣುಮಕ್ಕಳು, ರೋಗವೆಂದರೇನೆಂದು ದಿನವೂ ಬಲ್ಲವರು, ತಮ್ಮ ದೇಹದ ಬಗ್ಗೆ ನುಡಿದ ಸಾಕ್ಷ್ಯ ಹೀಗೆ ಎರಡು ಲೇಖನಗಳಲ್ಲಿ ತಳ್ಳಿಹೋಯಿತು. ರ‍್ಯಾಮ್ಸೆಯವರು 1990ರಲ್ಲಿ ತೀರಿಕೊಳ್ಳುವವರೆಗೂ ಇದರ ವಿರುದ್ಧ ವಾದಿಸುತ್ತಲೇ ಇದ್ದರು. ಆದರೆ ಒಮ್ಮೆ ಅಂಟಿದ ಹಣೆಪಟ್ಟಿ ಸುಲಭವಾಗಿ ಕಳಚುವುದೇ?

ಅಮೆರಿಕದಲ್ಲಿ 1988ರಲ್ಲಿ ಇದೇ ಬಗೆಯ ರೋಗಕ್ಕೆ 'ಕ್ರಾನಿಕ್ ಫಟೀಗ್ ಸಿಂಡ್ರೋಮ್', ಅಂದರೆ ದೀರ್ಘಕಾಲದ ಆಯಾಸದ ಲಕ್ಷಣಕೂಟ ಎಂಬ ಹೆಸರನ್ನಿಟ್ಟರು. ಆಯಾಸ ಯಾರಿಗಿಲ್ಲ? ಹೆಸರೇ ರೋಗವನ್ನು ಹಗುರ ಮಾಡಿತು. ಸಂಶೋಧನೆಗೆ ಹಣ ಬರಲಿಲ್ಲ. ಹಣವಿಲ್ಲದೆ ಪುರಾವೆ ಸಿಗಲಿಲ್ಲ. ಪುರಾವೆಯಿಲ್ಲವೆಂದು ಮತ್ತೆ ಹಣ ಬರಲಿಲ್ಲ.

ಈ ಕತ್ತಲಿನಲ್ಲಿ ದೀಪ ಹಿಡಿದ ಒಂದು ಅಧ್ಯಯನ ನಡೆದದ್ದು ಆಸ್ಟ್ರೇಲಿಯಾದ ಡಬ್ಬೊ ಎಂಬ ಗ್ರಾಮಾಂತರ ಪಟ್ಟಣದಲ್ಲಿ. ಅಲ್ಲಿನ ಸಂಶೋಧಕರು ಬಹಳ ಸರಳವಾದ, ಆದರೆ ಅದುವರೆಗೆ ಹೆಚ್ಚು ಮಂದಿ ಮಾಡದಿದ್ದ ಕೆಲಸ ಮಾಡಿದರು. ರೋಗ ಹಳೆಯದಾದ ಮೇಲೆ ಹಿಂದಿರುಗಿ ನೋಡುವ ಬದಲು, ಸೋಂಕು ತಗುಲಿದ ದಿನಗಳಿಂದಲೇ ರೋಗಿಗಳನ್ನು ಹಿಂಬಾಲಿಸಿದರು. ಗ್ರಂಥಿಜ್ವರ, ಕ್ಯೂ ಜ್ವರ, ರಾಸ್ ರಿವರ್ ಜ್ವರ ಎಂಬ ಮೂರು ಬೇರೆಬೇರೆ ಸೋಂಕುಗಳ 253 ರೋಗಿಗಳು. ಆರು ತಿಂಗಳ ನಂತರ ಶೇ. 12ರಷ್ಟು ಮಂದಿ ಇನ್ನೂ ಬಳಲುತ್ತಿದ್ದರು. ಯಾವ ರೋಗಾಣು ಎಂಬುದು ಮುಖ್ಯವಾಗಲಿಲ್ಲ. ಮೂರರಲ್ಲಿಯೂ ಹೆಚ್ಚುಕಡಿಮೆ ಅದೇ ಪ್ರಮಾಣ, ಅದೇ ಲಕ್ಷಣ. ಯಾರು ಬಳಲುತ್ತಾರೆ ಎಂಬುದನ್ನು ಮುಂದಾಗಿ ತಿಳಿಸಿದ್ದು ಮೊದಲ ದಿನಗಳ ರೋಗತೀವ್ರತೆಯೇ ಹೊರತು ರೋಗಿಯ ಮನಃಸ್ಥಿತಿಯಲ್ಲ. ಇದು ಪ್ರಕಟವಾದದ್ದು 2006ರಲ್ಲಿ. ಆ ವರ್ಷ ನಮ್ಮವರಿಗೆ ಚೆನ್ನಾಗಿ ನೆನಪಿರಬೇಕು: ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿಗೆ ಚಿಕೂನ್‌ಗುನ್ಯಾ ಬಂದಿರಬಹುದೆಂದು ದಾಖಲಾದ ವರ್ಷ. ರಾಸ್ ರಿವರ್ ವೈರಾಣು ಚಿಕೂನ್‌ಗುನ್ಯಾದ ಹತ್ತಿರದ ಸಂಬಂಧಿ. ಮೂರು ದಿನದ ಜ್ವರ ಹೋಗಿ ಮೂರು ತಿಂಗಳಾದರೂ ಗೋಡೆ ಹಿಡಿದು ನಡೆದವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ! ಕೀಲುನೋವು ಕಣ್ಣಿಗೆ ಕಾಣುವಂಥದು, ಊತವಿರುತ್ತದೆ; ಆದ್ದರಿಂದ ಅವರನ್ನು ನಂಬಿದೆವು. ಕಾಣದ ಬಳಲಿಕೆಗೆ ಆ ಭಾಗ್ಯವಿರಲಿಲ್ಲ.

2003ರ ಸಾರ್ಸ್ ಕೋವಿಡ್‌ನ ಅಣ್ಣನಿದ್ದಂತೆ. ಕೆನಡಾದ ಟೊರೊಂಟೊ ನಗರದಲ್ಲಿ ಸಾರ್ಸ್‌ನಿಂದ ಬದುಕುಳಿದು, ಮೈನೋವು, ಬಳಲಿಕೆ, ಕೆಟ್ಟ ನಿದ್ರೆಗಳಿಂದ ಕೆಲಸಕ್ಕೆ ಮರಳಲಾಗದ 22 ಮಂದಿಯ ಬಗ್ಗೆ 2011ರಲ್ಲಿ ಒಂದು ಚಿಕ್ಕ ಅಧ್ಯಯನ ಹೊರಬಂತು. ಅವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಸಿಬ್ಬಂದಿಯೇ. ಜಗತ್ತು ಅದನ್ನು ಓದಿ ಮರೆಯಿತು ಎನ್ನುವುದಕ್ಕಿಂತ ಓದಲೇ ಇಲ್ಲ ಎನ್ನುವುದು ಸರಿ.

2020ರ ಫೆಬ್ರವರಿಯಲ್ಲಿ ಚೀನಾಕ್ಕೆ ಹೋಗಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಂಡವು, ಸೌಮ್ಯ ಕೋವಿಡ್ ಸುಮಾರು ಎರಡು ವಾರಗಳಲ್ಲಿ, ತೀವ್ರವಾದದ್ದು ಮೂರರಿಂದ ಆರು ವಾರಗಳಲ್ಲಿ ಗುಣವಾಗುತ್ತದೆಂದು ವರದಿ ಮಾಡಿತು. ಎಲ್ಲರೂ ಆ ಲೆಕ್ಕವನ್ನೇ ಹಿಡಿದರು. ಸತ್ತವರು, ಗುಣವಾದವರು ಎಂಬ ಎರಡೇ ಕಲಮುಗಳು ದಿನವೂ ಟಿ.ವಿ. ಪರದೆಯ ಮೇಲೆ ಬರುತ್ತಿದ್ದವು. ಸಾಯದವರೆಲ್ಲ ಗುಣವಾದವರು! ಮೂರನೆಯ ಕಲಮು ಬೇಕೆಂದು ಮೊದಲು ಕೂಗಿದವರು ವಿಜ್ಞಾನಿಗಳಾಗಿ ಅಲ್ಲ, ರೋಗಿಗಳಾಗಿ ಕೂಗಿದರು. ಅವರಲ್ಲಿ ಕೆಲವರು ವಿಜ್ಞಾನಿಗಳೂ ಆಗಿದ್ದರೆಂಬುದು ಈ ಇತಿಹಾಸದ ಒಂದು ತಿರುವು.

ಲಿವರ್‌ಪೂಲ್ ಉಷ್ಣವಲಯ ವೈದ್ಯಶಾಲೆಯ ಪ್ರಾಧ್ಯಾಪಕ ಪಾಲ್ ಗಾರ್ನರ್ ಸಾಂಕ್ರಾಮಿಕ ರೋಗಗಳ ಪುರಾವೆಗಳನ್ನು ತೂಗಿ ನೋಡುವುದನ್ನೇ ವೃತ್ತಿಯಾಗಿ ಉಳ್ಳವರು. ಏಳು ವಾರಗಳಾದರೂ ತಮ್ಮನ್ನು ಬಿಡದ ಕೋವಿಡ್ ಬಗ್ಗೆ 2020ರ ಮೇ ತಿಂಗಳ ಮೊದಲ ವಾರದಲ್ಲಿ ಅವರು ಬರೆದುದನ್ನು ಓದಿ ಲೋಕದೆಲ್ಲೆಡೆಯ ರೋಗಿಗಳು, 'ಹಾಗಾದರೆ ನಾನೊಬ್ಬನೇ ಅಲ್ಲ' ಎಂದು ನಿಟ್ಟುಸಿರು ಬಿಟ್ಟರು. (ಗಾರ್ನರ್ ಮುಂದೆ ಗುಣಮುಖರಾದರು, ತಾವು ಗುಣವಾದ ಬಗೆಯನ್ನು ಅವರು ವಿವರಿಸಿದ ರೀತಿಗೆ ಇದೇ ರೋಗಿಗಳಲ್ಲಿ ಅನೇಕರು ಒಪ್ಪಲಿಲ್ಲ. ಅದು ಬೇರೆಯೇ ವಾದ.) ಅದೇ ತಿಂಗಳಲ್ಲಿ ಇಟಲಿಯ ಲೊಂಬಾರ್ದಿಯಾ ಪ್ರಾಂತ್ಯದಲ್ಲಿ ಕೋವಿಡ್‌ಗೆ ತುತ್ತಾಗಿದ್ದ ಎಲಿಸಾ ಪೆರೆಗೊ ಎಂಬ ಪುರಾತತ್ತ್ವಜ್ಞೆ ಟ್ವಿಟರಿನಲ್ಲಿ 'ಲಾಂಗ್ ಕೋವಿಡ್' ಎಂಬ ಎರಡು ಪದಗಳನ್ನು ಹ್ಯಾಶ್‌ಟ್ಯಾಗ್ ಆಗಿ ಬಳಸಿದರು. ಕೆಲವೇ ತಿಂಗಳುಗಳಲ್ಲಿ ಆ ಹೆಸರು ಆಸ್ಪತ್ರೆಗಳಿಗೂ ಸರಕಾರಗಳಿಗೂ ವಿಶ್ವ ಆರೋಗ್ಯ ಸಂಸ್ಥೆಗೂ ಮುಟ್ಟಿತು. ರೋಗಗಳಿಗೆ ವೈದ್ಯರ ಹೆಸರಿಡುವುದು, ಲ್ಯಾಟಿನ್ ಹೆಸರಿಡುವುದು ರೂಢಿ. ಹಾಸಿಗೆಯಲ್ಲಿ ಮಲಗಿದ್ದವರೇ ಹೆಸರಿಟ್ಟು, ಅದನ್ನು ಉಳಿದವರು ಒಪ್ಪಿಕೊಂಡ ಉದಾಹರಣೆ ತೀರ ವಿರಳ.

ಹೆಸರಿಟ್ಟು ಸುಮ್ಮನಾಗದೆ ರೋಗಿಗಳು ಸಂಶೋಧನೆಗೂ ಇಳಿದರು. ಅಮೆರಿಕದಲ್ಲಿ ಹುಟ್ಟಿದ ಒಂದು ರೋಗಿಬಳಗದಿಂದ ಸಂಶೋಧನೆ ಬಲ್ಲ ಕೆಲವರು ಒಟ್ಟುಗೂಡಿ 2020ರ ಮೇ ತಿಂಗಳಲ್ಲಿಯೇ 640 ಮಂದಿಯ ಉತ್ತರಗಳುಳ್ಳ ವರದಿಯನ್ನು ಹೊರತಂದರು. 2021ರಲ್ಲಿ ಅವರ ದೊಡ್ಡ ಸಮೀಕ್ಷೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು: 56 ದೇಶಗಳ 3,762 ರೋಗಿಗಳು, 203 ಲಕ್ಷಣಗಳು. ಶೇ. 45ರಷ್ಟು ಮಂದಿ ಕೆಲಸದ ಗಂಟೆಗಳನ್ನು ಕಡಿಮೆ ಮಾಡಿಕೊಂಡಿದ್ದರು, ಶೇ. 22ರಷ್ಟು ಮಂದಿ ಕೆಲಸ ಮಾಡುವ ಸ್ಥಿತಿಯಲ್ಲಿಯೇ ಇರಲಿಲ್ಲ. ಅವರಲ್ಲಿ ಬಹುಪಾಲು ಜನ ಆಸ್ಪತ್ರೆಯ ಮೆಟ್ಟಿಲು ಹತ್ತಿದವರೇ ಅಲ್ಲ. ಇಂಥ ಸಮೀಕ್ಷೆಗೆ ಅದರದೇ ಮಿತಿಯಿದೆ. ಬಳಲುವವರೇ ಬಂದು ಉತ್ತರಿಸುವುದರಿಂದ, ಕೋವಿಡ್ ಬಂದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಹೀಗಾಗುತ್ತದೆಂದು ಇದರಿಂದ ಹೇಳಲಾಗದು. ಆದರೆ ಏನಾಗುತ್ತದೆಂದು ಹೇಳಬಹುದು. ಶ್ರಮಪಟ್ಟ ಮಾರನೆಯ ದಿನ ಕುಸಿಯುವುದು, ಮಾತಿನ ನಡುವೆ ಪದ ಮರೆಯುವುದು, ಎದ್ದು ನಿಂತರೆ ಎದೆ ಹೊಡೆದುಕೊಳ್ಳುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಹೊಲಿಗೆಯಾಕೆ ಅಂದು ಹೇಳಿದ ಮಾತೂ ಇದೇ ಆಗಿತ್ತು.

ಆಸ್ಪತ್ರೆಗಳ ಕಡೆಯಿಂದ ಬಂದ ಮೊದಲ ಗಟ್ಟಿ ಸಾಕ್ಷ್ಯಗಳಲ್ಲೊಂದು ರೋಮ್ ನಗರದ ಜೆಮೆಲ್ಲಿ ಆಸ್ಪತ್ರೆಯದು. ಕಥೋಲಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಆಸ್ಪತ್ರೆಯ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. 1981ರಲ್ಲಿ ಗುಂಡೇಟು ತಿಂದ ಜಗದ್ಗುರು ಎರಡನೇ ಜಾನ್ ಪೌಲರನ್ನು ಒಯ್ದದ್ದು ಅಲ್ಲಿಗೇ. 2020ರ ವಸಂತದಲ್ಲಿ ಅಲ್ಲಿನ ವೈದ್ಯರು ಕೋವಿಡ್‌ನಿಂದ ಬಿಡುಗಡೆ ಹೊಂದಿದ 143 ಮಂದಿಯನ್ನು ಮತ್ತೆ ಕರೆದು ಪರೀಕ್ಷಿಸಿದರು. ರೋಗ ಆರಂಭವಾಗಿ ಸರಾಸರಿ ಅರವತ್ತು ದಿನಗಳಾಗಿದ್ದವು. ಯಾವ ಲಕ್ಷಣವೂ ಇಲ್ಲದವರು ಶೇ. 13ರಷ್ಟೂ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಳಲಿಕೆ, ಶೇ. 43 ಮಂದಿಗೆ ಏದುಸಿರು. ಆ ಜುಲೈನಲ್ಲಿ ಇದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಮೇಲೆ, ಇದೆಲ್ಲ ಟ್ವಿಟರಿನ ಗೋಳು ಎಂದು ತಳ್ಳಿಹಾಕುವುದು ಕಷ್ಟವಾಯಿತು.

ಉಳಿದದ್ದು ಬೇಗ ಬೇಗನೆ ನಡೆಯಿತು. 2020ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಈ ಸಂಶೋಧನೆಗೆ 115 ಕೋಟಿ ಡಾಲರುಗಳನ್ನು ಮಂಜೂರು ಮಾಡಿತು (ಆ ಹಣದಿಂದ ಚಿಕಿತ್ಸೆಯ ಪ್ರಯೋಗಗಳು ಶುರುವಾಗಲು ತೀರ ತಡವಾಯಿತೆಂದು ರೋಗಿಗಳು ಮುನಿಸಿಕೊಂಡದ್ದು ನ್ಯಾಯವೇ). 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ವ್ಯಾಖ್ಯೆಯನ್ನು ಕೊಟ್ಟಿತು: ಸಾಮಾನ್ಯವಾಗಿ ಸೋಂಕಿನ ಆರಂಭದಿಂದ ಮೂರು ತಿಂಗಳ ಹೊತ್ತಿಗೆ ಕಾಣುವ, ಕನಿಷ್ಠ ಎರಡು ತಿಂಗಳು ಇರುವ, ಬೇರೆ ರೋಗದಿಂದ ವಿವರಿಸಲಾಗದ ಲಕ್ಷಣಗಳು. ಅದೇ ತಿಂಗಳು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಕೋವಿಡೋತ್ತರ ತೊಂದರೆಗಳ ಚಿಕಿತ್ಸೆಗೆ ಮಾರ್ಗಸೂಚಿಯನ್ನು ಹೊರಡಿಸಿತು. 2023ರ ಮಾರ್ಚ್ ವೇಳೆಗೆ ಬ್ರಿಟನ್ನಿನಲ್ಲಿ 19 ಲಕ್ಷ ಮಂದಿ ತಮಗೆ ಲಾಂಗ್ ಕೋವಿಡ್ ಇದೆಯೆಂದು ಹೇಳುತ್ತಿದ್ದಾರೆಂದು ಅಲ್ಲಿನ ಸರಕಾರಿ ಅಂಕಿಅಂಶ ಕಚೇರಿ ಅಂದಾಜು ಮಾಡಿತು. ಐವರಲ್ಲಿ ನಾಲ್ವರ ದಿನನಿತ್ಯದ ಕೆಲಸಕ್ಕೆ ಅದರಿಂದ ಅಡ್ಡಿಯಾಗಿತ್ತು.

ಹಾಗಾದರೆ ದೇಹದೊಳಗೆ ನಡೆಯುತ್ತಿರುವುದೇನು? ಒಂದೇ ಉತ್ತರ ಸಿಕ್ಕಿಲ್ಲ. ಹಲವು ಎಳೆಗಳು ಸಿಕ್ಕಿವೆ. ವೈರಾಣುವಿನ ತುಣುಕುಗಳು ದೇಹದಲ್ಲಿ ಅಡಗಿ ಕುಳಿತು ರೋಗನಿರೋಧಕ ವ್ಯವಸ್ಥೆಯನ್ನು ಕೆಣಕುತ್ತಿರಬಹುದೆಂಬುದು ಒಂದು ಎಳೆ. ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು ಕೋವಿಡ್ ಬಂದುಹೋದ 171 ಮಂದಿಯ ರಕ್ತವನ್ನು ಪರೀಕ್ಷಿಸಿ, ಸುಮಾರು ಕಾಲುಭಾಗದವರಲ್ಲಿ ಅಂಥ ತುಣುಕುಗಳನ್ನು ಕಂಡುದಾಗಿ 2024ರಲ್ಲಿ ವರದಿ ಮಾಡಿದರು. ಕೆಲವರಲ್ಲಿ ಹದಿನಾಲ್ಕು ತಿಂಗಳವರೆಗೂ ಅವು ಇದ್ದವು. ದಕ್ಷಿಣ ಆಫ್ರಿಕಾದ ಸ್ಟೆಲನ್‌ಬಾಷ್ ವಿಶ್ವವಿದ್ಯಾಲಯದ ರೇಸಿಯಾ ಪ್ರಿಟೋರಿಯಸ್ ರೋಗಿಗಳ ರಕ್ತದಲ್ಲಿ ಸುಲಭವಾಗಿ ಕರಗದ ಅತಿಸೂಕ್ಷ್ಮ ಗರಣೆಗಳನ್ನು ತೋರಿಸಿದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅಕಿಕೊ ಇವಾಸಾಕಿಯವರ ತಂಡ 2023ರಲ್ಲಿ 275 ಮಂದಿಯನ್ನು ಹೋಲಿಸಿ, ರೋಗಿಗಳಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಕಡಿಮೆಯಿರುವುದನ್ನೂ, ಎಂದೋ ಬಂದು ದೇಹದಲ್ಲಿ ಮಲಗಿದ್ದ ಗ್ರಂಥಿಜ್ವರದ ವೈರಾಣು ಮರಳಿ ಎಚ್ಚೆತ್ತ ಸುಳಿವುಗಳನ್ನೂ ಗುರುತಿಸಿತು. ಕಾರ್ಟಿಸಾಲ್ ವಿಷಯ ಮುಂದಿನ ಎಲ್ಲ ಅಧ್ಯಯನಗಳಲ್ಲಿಯೂ ಕಂಡುಬರಲಿಲ್ಲ. ವಿಜ್ಞಾನದ ದಾರಿಯೇ ಹೀಗೆ. ಇಂದು ಬರೆದದ್ದನ್ನು ನಾಳೆ ತಿದ್ದಬೇಕು.

ಬ್ರಿಟನ್ನಿನ ಒಂದು ಅಧ್ಯಯನಕ್ಕೆ ಅದೃಷ್ಟವೂ ಜೊತೆಗೂಡಿತು. ಅಲ್ಲಿ 'ಯುಕೆ ಬಯೋಬ್ಯಾಂಕ್' ಎಂಬ ಯೋಜನೆಗಾಗಿ ಸಾವಿರಾರು ಜನರ ಮಿದುಳಿನ ಚಿತ್ರಗಳನ್ನು ಕೋವಿಡ್‌ಗೆ ಮುಂಚೆಯೇ ತೆಗೆದಿರಿಸಿದ್ದರು. ಅವರಲ್ಲಿ 785 ಮಂದಿಯನ್ನು ಮತ್ತೆ ಕರೆದು ಚಿತ್ರ ತೆಗೆದರು. ನಡುವಿನ ಅವಧಿಯಲ್ಲಿ 401 ಮಂದಿಗೆ ಕೋವಿಡ್ ಬಂದಿತ್ತು. ವಾಸನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಮಿದುಳಿನ ಕೆಲವು ಭಾಗಗಳು, ಸೋಂಕು ಬಂದವರಲ್ಲಿ ಬಾರದವರಿಗಿಂತ ಸ್ವಲ್ಪ ಹೆಚ್ಚು ಸವೆದಿದ್ದವು. ಹೆಚ್ಚಿನವರಿಗೆ ಬಂದಿದ್ದದ್ದು ಸೌಮ್ಯ ಕೋವಿಡ್. ವ್ಯತ್ಯಾಸ ಚಿಕ್ಕದು, ಹೆದರುವಂಥದಲ್ಲ. ಆದರೆ ಅದು ಊಹೆಯಲ್ಲ, ಎರಡು ಚಿತ್ರಗಳ ನಡುವಿನ ಅಳತೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ತಾಗಿದ್ದು ಆಮ್ಸ್ಟರ್‌ಡ್ಯಾಮಿನ ಒಂದು ಚಿಕ್ಕ ಅಧ್ಯಯನ. 2024ರ ಜನವರಿಯಲ್ಲಿ ಪ್ರಕಟವಾದದ್ದು. ಇಪ್ಪತ್ತೈದು ಮಂದಿ ರೋಗಿಗಳು, ಇಪ್ಪತ್ತೊಂದು ಮಂದಿ ಆರೋಗ್ಯವಂತರು. ಎಲ್ಲರಿಂದಲೂ ಹತ್ತು ಹದಿನೈದು ನಿಮಿಷ ಸೈಕಲ್ ಯಂತ್ರವನ್ನು ತುಳಿಸಿದರು. ಅದಕ್ಕೆ ಒಂದು ವಾರ ಮೊದಲು ಒಮ್ಮೆ, ತುಳಿಸಿದ ಮಾರನೆಯ ದಿನ ಇನ್ನೊಮ್ಮೆ, ತೊಡೆಯ ಸ್ನಾಯುವಿನಿಂದ ಚಿಕ್ಕ ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳು ರೋಗಿಗಳಲ್ಲಿ ಸೊರಗಿದ್ದವು. ಶ್ರಮದ ನಂತರ ಅವರ ಸ್ನಾಯುವಿನ ಎಳೆಗಳಿಗೆ ಹಾನಿ ಹೆಚ್ಚಾಗಿತ್ತು. ಸತ್ತ ಅಂಗಾಂಶವೂ ಕಂಡುಬಂತು. ಒಂದು ಬಿಂದಿಗೆ ನೀರು ತಂದಿಟ್ಟರೆ ಮಾರನೇ ದಿನ ಏಳಲಾಗುವುದಿಲ್ಲ ಎಂದು ಆ ತಾಯಿ ಹೇಳಿದ್ದಕ್ಕೆ ಸೂಕ್ಷ್ಮದರ್ಶಕದಡಿ ಒಂದು ಚಿತ್ರ ಸಿಕ್ಕಿತ್ತು. ರ‍್ಯಾಮ್ಸೆ 1955ರಲ್ಲಿ ಹಾಸಿಗೆಯ ಪಕ್ಕ ನಿಂತು ಕಂಡದ್ದೂ ಇದನ್ನೇ ಇರಬೇಕು.

ಹಾಗೆಂದು 'ನಡೆದಾಡು' ಎಂಬ ನನ್ನ ಉಪದೇಶ ಅಜ್ಞಾನದಿಂದ ಮಾತ್ರ ಹುಟ್ಟಿದ್ದಲ್ಲ. ಅದಕ್ಕೆ ವಿಜ್ಞಾನದ ಮುದ್ರೆಯೂ ಒಂದು ಕಾಲಕ್ಕೆ ಇತ್ತು. ಹಳೆಯ ದೀರ್ಘಾಯಾಸ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ 'ಪೇಸ್' ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ದಿನದಿನಕ್ಕೆ ವ್ಯಾಯಾಮವನ್ನು ಹೆಚ್ಚಿಸುತ್ತಾ ಹೋಗುವುದರಿಂದಲೂ, ಮನೋಭಾವ ತಿದ್ದುವ ಚಿಕಿತ್ಸೆಯಿಂದಲೂ ಉಪಯೋಗವಿದೆಯೆಂದು ಅದು ಹೇಳಿತು. 2013ರ ಮುಂದಿನ ಲೇಖನದಲ್ಲಿ ಶೇ. 22ರಷ್ಟು ಮಂದಿ ಗುಣವಾದರೆಂಬ ಲೆಕ್ಕ ಬಂತು. ತಮಗೆ ಅದರಿಂದ ಹೆಚ್ಚಾಯಿತೆಂದು ರೋಗಿಗಳು ಹೇಳುತ್ತಲೇ ಇದ್ದರು. ಕೊನೆಗೆ ಆಸ್ಟ್ರೇಲಿಯಾದ ಒಬ್ಬ ರೋಗಿ ಮಾಹಿತಿ ಹಕ್ಕಿನಡಿ ಮೂಲ ದತ್ತಾಂಶವನ್ನು ಕೇಳಿದ, ವಿಶ್ವವಿದ್ಯಾಲಯ ಕೊಡಲೊಪ್ಪಲಿಲ್ಲ, 2016ರಲ್ಲಿ ನ್ಯಾಯಮಂಡಳಿ ಕೊಡಿಸಿತು. ಪ್ರಯೋಗದ ಆರಂಭದಲ್ಲಿ ಅವರೇ ಬರೆದಿಟ್ಟಿದ್ದ ಅಳತೆಗೋಲಿನಿಂದ ಮತ್ತೆ ಲೆಕ್ಕ ಹಾಕಿದಾಗ ಆ 22 ಒಂದಂಕಿಗೆ ಇಳಿಯಿತು. 2015ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆ ಸಾವಿರಾರು ಲೇಖನಗಳನ್ನು ಪರಿಶೀಲಿಸಿ ಇದು ದೈಹಿಕವಾದ ಗಂಭೀರ ರೋಗವೆಂದು ಘೋಷಿಸಿತ್ತು. 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ 'ನೈಸ್' ಆ ಏರುಕ್ರಮದ ವ್ಯಾಯಾಮವನ್ನು ಈ ರೋಗಿಗಳಿಗೆ ಕೊಡಕೂಡದೆಂದು ತಿದ್ದಿತು. ಕೋವಿಡ್‌ನಿಂದ ಶ್ವಾಸಕೋಶ ಕುಂದಿದವರಿಗೆ ಉಸಿರಾಟದ ತರಬೇತಿ, ಮೆಲ್ಲನೆಯ ವ್ಯಾಯಾಮ ಬೇಕಾಗುತ್ತವೆ, ಅದು ನಿಜ. ಆದರೆ ಶ್ರಮದ ನಂತರ ಕುಸಿಯುವವರಿಗೆ ಮೊದಲು ಬೇಕಾದದ್ದು ತಮ್ಮ ಶಕ್ತಿಯ ಲೆಕ್ಕವಿಟ್ಟು, ಬತ್ತುವ ಮೊದಲೇ ನಿಲ್ಲುವ ಕ್ರಮ. ಯಾರು ಯಾವ ಗುಂಪಿನವರೆಂದು ವೈದ್ಯರು ನೋಡಿ ಹೇಳಬೇಕು, ಗುರುಗಳಲ್ಲ.

ಔಷಧದ ವಿಷಯ ಹೇಳಲು ಹೆಚ್ಚಿಲ್ಲ. ಪ್ಯಾಕ್ಸ್‌ಲೋವಿಡ್ ಎಂಬ ವೈರಾಣು ನಿರೋಧಕವನ್ನು ಹದಿನೈದು ದಿನ ಕೊಟ್ಟು ಸ್ಟ್ಯಾನ್‌ಫರ್ಡಿನಲ್ಲಿ 155 ಮಂದಿಯ ಮೇಲೆ ಮಾಡಿದ ಪ್ರಯೋಗದಲ್ಲಿ ಗಮನಾರ್ಹ ಗುಣ ಕಾಣಲಿಲ್ಲವೆಂದು 2024ರಲ್ಲಿ ತಿಳಿಯಿತು. ನಮ್ಮಲ್ಲಿ ಸಕ್ಕರೆ ಕಾಯಿಲೆಯವರ ಮನೆಗಳಲ್ಲೆಲ್ಲ ಇರುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಸೋಂಕಿನ ಮೊದಲ ದಿನಗಳಲ್ಲಿಯೇ ಕೊಟ್ಟವರಲ್ಲಿ ಲಾಂಗ್ ಕೋವಿಡ್ ಶೇ. 6.3ಕ್ಕೆ ಸೀಮಿತವಾಯಿತು, ಕೊಡದವರಲ್ಲಿ ಶೇ. 10.4 ಎಂದು ಅಮೆರಿಕದ 1,126 ಮಂದಿಯ ಮೇಲಿನ ಪ್ರಯೋಗವೊಂದು 2023ರಲ್ಲಿ ತೋರಿಸಿತು. ಅದು ಸ್ಥೂಲಕಾಯದವರ ಮೇಲೆ ನಡೆದ ಪ್ರಯೋಗ, ಅದೂ ತಡೆಯುವುದಕ್ಕೆ. ಬಂದ ಮೇಲೆ ಗುಣಪಡಿಸುವುದಕ್ಕಲ್ಲ. ಯಾರೂ ಇದನ್ನೋದಿ ಮನೆಯಲ್ಲಿರುವ ಮಾತ್ರೆಗೆ ಕೈಹಾಕಬಾರದು. ಮುಂಚೆಯೇ ಲಸಿಕೆ ಹಾಕಿಸಿಕೊಂಡವರಲ್ಲಿ ಈ ತೊಂದರೆ ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಒಂದು ರಕ್ತಪರೀಕ್ಷೆಯಿಂದ 'ಇದು ಲಾಂಗ್ ಕೋವಿಡ್' ಎಂದು ಸಾರುವ ಉಪಾಯ ಇನ್ನೂ ಬಂದಿಲ್ಲ. ಆದ್ದರಿಂದ ಎಲ್ಲ ರಿಪೋರ್ಟುಗಳೂ ನಾರ್ಮಲ್ ಎಂದು ಬರುವುದು ಈ ರೋಗ ಇಲ್ಲವೆಂಬುದಕ್ಕೆ ಸಾಕ್ಷಿಯಾಗದು.

ಕ್ರಿಸ್‌ಮಸ್ ಕಳೆದ ವಾರ ಆ ನರ್ಸ್ ಹುಡುಗಿಯನ್ನು ಜೊತೆಗೆ ಕರೆದುಕೊಂಡು ನಾನು ಆ ಮನೆಗೆ ಮತ್ತೆ ಹೋಗಿದ್ದೆ. ಒಂದೂವರೆ ವರ್ಷದ ಹಿಂದೆ ನಾನು ಹೇಳಿದ್ದು ತಪ್ಪಾಗಿತ್ತೆಂದು ಆ ತಾಯಿಗೆ, ಅವರ ಅತ್ತೆಯ ಎದುರಿನಲ್ಲಿಯೇ, ಹೇಳಿದೆ. "ನಿಮ್ಮ ಮಾತು ಕೇಳಿ ನಾಲ್ಕು ದಿನ ನಡೆದಿದ್ದೆ ಸ್ವಾಮಿ, ಐದನೇ ದಿನ ಬಾಗಿಲ ಹತ್ತಿರ ಬಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ" ಎಂದರು. ಹುಡುಗಿ ಅವರ ಪಕ್ಕದಲ್ಲಿ ಕುಳಿತು, ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಲ್ಲಿ ನಿಲ್ಲಬೇಕು, ಅಡುಗೆಯನ್ನು ನಿಂತು ಮಾಡದೆ ಕುಳಿತು ಮಾಡುವುದು ಹೇಗೆ ಎಂದು ಒಂದು ಗಂಟೆ ವಿವರಿಸಿದಳು. ಅತ್ತೆ ಎದ್ದು ಹೋಗಿ ಒಳಗಿನಿಂದ ಒಂದು ಸ್ಟೂಲು ತಂದು ಒಲೆಯ ಮುಂದಿಟ್ಟು ನೋಡಿದರು.

ಆ ಧರ್ಮಕೇಂದ್ರದಿಂದ ನನಗೆ ವರ್ಗವಾಗಿದೆ. ಹೋದ ವರ್ಷ ಹಬ್ಬಕ್ಕೆಂದು ಹೋದಾಗ ಅವರ ಮನೆಗೂ ಹೋಗಿದ್ದೆ. ಪೂರ್ತಿ ಗುಣವಾಗಿಲ್ಲ. ಹೊಲಿಗೆ ಯಂತ್ರದ ಮೇಲಿನ ಹೊದಿಕೆ ಮಾತ್ರ ಇರಲಿಲ್ಲ. ಮೇಜಿನ ಮೇಲೆ ಕತ್ತರಿಸಿದ ರವಿಕೆ ಬಟ್ಟೆ ಮಡಚಿ ಇಟ್ಟಿತ್ತು. ಹೊಲಿಯುವುದಿಲ್ಲವೇ ಎಂದು ಕೇಳಿದೆ. "ಇವತ್ತು ಕತ್ತರಿಸಿದ್ದಾಯ್ತಲ್ಲ ಸ್ವಾಮಿ, ಹೊಲಿಯೋದು ನಾಳೆ" ಎಂದರು.